ಹ್ಯಾಲೋವೀನ್, ದೀಪಾವಳಿ, ಒದ್ದೆ ಹಿಮ, ಮನೆ ತುಂಬ ನೆಂಟರು: ನಿಮ್ಮ ವಾರ ಹೇಗಿತ್ತು?

ಮೇಪಲ್‌ಗ್ರೋವ್ ಸೊಸೆ (ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. ಈ ವರ್ಷ, ಅಂದರೆ 2024ರಲ್ಲಿ, ದೀಪಾವಳಿಯೂ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟು ಕೇಳುವ ಹ್ಯಾಲೋವೀನೂ ಒಂದೇ ಗುರುವಾರ ಬಂದವು. ಮಾರನೇ ದಿನ ರಾಜ್ಯೋತ್ಸವ. ಭಾನುವಾರ, ಚಳಿಗಾಲಕ್ಕೆ ಇಲ್ಲಿ ಮಾಡುವ ಹಾಗೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ. ಇದರ ಮಧ್ಯೆ ತೀರ್ಥಹಳ್ಳಿಯಿಂದ ಬಂದಿರುವ ಅತ್ತೆ-ಮಾವ, ಡಾಲಸ್‌ನಿಂದ ನಾದಿನಿ, ಅವಳ ಗಂಡ, ಮಗಳು. ಬಾಗಿಲ ಹತ್ತಿರ ಬೂಟುಗಳ ರಾಶಿ, ಅಡುಗೆಮನೆಯಲ್ಲಿ ಎಣ್ಣೆ ಬಾಣಲೆ.

ಹವೆ ನೋಡಿ. ಮಂಗಳವಾರ ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ ಅಂಗಳದಲ್ಲಿ ಆಡಿದ್ದರು. ಗುರುವಾರ ಮಳೆ ಶುರುವಾಗಿ ಆಮೇಲೆ ದಪ್ಪ ಒದ್ದೆ ಹಿಮ. ಗಾಳಿ ಬೇರೆ. ಸಂಜೆ ಹೊತ್ತಿಗೆ ಹುಲ್ಲೆಲ್ಲ ಬೆಳ್ಳಗೆ, ಫುಟ್‌ಪಾತ್ ಪೂರ್ತಿ ಕೆಸರು. ದೊಡ್ಡ ಮಗಳು ಒನಕೆ ಓಬವ್ವ. ಸೀರೆ ಕಚ್ಚೆ ಹಾಕಿ, ಕುಂಕುಮ ಇಟ್ಟು, ಅಜ್ಜಿಯ ಕೈಯಲ್ಲಿ ತುರುಬು ಕಟ್ಟಿಸಿಕೊಂಡು ತಯಾರಾದಳು. ಚಿಕ್ಕವನದು ಹುಲಿವೇಷ. ನಾದಿನಿಯ ಮಗಳು ಚಿಟ್ಟೆ, ತೆಳು ನೆಟ್ ರೆಕ್ಕೆ, ಕಾಲಿಗೆ ಬ್ಯಾಲೆ ಶೂ! ಡಾಲಸ್‌ನವರು ಡಾಲಸ್‌ನ ಹಾಗೇ ಬಂದಿದ್ದರು.

ಓಬವ್ವನಿಗೆ ಬೆಳಗ್ಗೆಯೇ ಒಂದು ತಕರಾರು. ಶಾಲೆಯ ಮೆರವಣಿಗೆಗೆ ಆಯುಧ ತರಬೇಡಿ ಅಂತ ಚೀಟಿ ಬಂದಿತ್ತು. ಒನಕೆ ಆಯುಧವೋ, ಅಡುಗೆಮನೆ ಸಾಮಾನೋ? ಮಾವ ಪೂಲಿನಲ್ಲಿ ಈಜುವ ಫೋಮ್ ಕೊಳವೆಗೆ ಕಂದು ಕಾಗದ ಸುತ್ತಿ ಒನಕೆ ಮಾಡಿದ್ದರು, ಹೊಡೆದರೆ ಸೊಳ್ಳೆಯೂ ಸಾಯಲ್ಲ. ಆದರೂ ಅದು ಮನೆಯಲ್ಲೇ ಉಳಿಯಿತು. ಒನಕೆ ಇಲ್ಲದ ಓಬವ್ವನನ್ನು ತರಗತಿಯವರೆಲ್ಲ ರಾಜಕುಮಾರಿ ಅಂದುಕೊಂಡರಂತೆ. ಸಂಜೆವರೆಗೂ ಮುಖ ಊದಿಸಿಕೊಂಡಿದ್ದಳು.

ಸಂಜೆ ಲಕ್ಷ್ಮೀಪೂಜೆ ಬೇಗ ಮುಗಿಸಿದೆವು. ಮೆಟ್ಟಿಲ ಮೇಲೆ ಒಂದು ಕಡೆ ಹಣತೆ, ಒಂದು ಕಡೆ ಹಲ್ಲು ಕಿರಿಯುವ ಹಾಗೆ ಕೆತ್ತಿದ ಕುಂಬಳಕಾಯಿ. ಗಾಳಿಗೆ ಹಣತೆ ನಿಲ್ಲಲೇ ಇಲ್ಲ. ಕೊನೆಗೆ ಅತ್ತೆ ಒಂದು ಹಣತೆಯನ್ನು ಕುಂಬಳಕಾಯಿಯ ಒಳಗೇ ಇಟ್ಟುಬಿಟ್ಟರು. ಅದು ಚೆನ್ನಾಗಿ ಉರಿಯಿತು.

ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಂಕಿ ಕ್ಯಾಪ್, ಮೇಲೆ ಶಾಲು, ಪಂಚೆಯ ಒಳಗೆ ಥರ್ಮಲ್. ಒಬ್ಬ ಹುಡುಗ ನಿಂತು ನೋಡಿ, ನಿಮ್ಮದು ಯಾವ ವೇಷ ಅಂತ ಕೇಳಿದ. ಮಾವ ಒಂದೊಂದು ಮಗುವಿಗೆ ಬೊಗಸೆ ತುಂಬ ಚಾಕೊಲೇಟು ಹಾಕುತ್ತಿದ್ದರು. ಒಂದೊಂದೇ ಕೊಡಿ ಅಂದರೆ, ಮನೆ ಬಾಗಿಲಿಗೆ ಬಂದ ಮಕ್ಕಳಿಗೆ ಎಣಿಸಿ ಕೊಡ್ತಾರೇನಮ್ಮಾ ಅಂದರು. ಏಳು ಗಂಟೆಯೊಳಗೆ ಡಬ್ಬ ಖಾಲಿ. ಅತ್ತೆ ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ತಂದರು. ಇಲ್ಲಿ ಮನೆಯಲ್ಲಿ ಮಾಡಿದ್ದನ್ನು ಯಾರೂ ತೆಗೆದುಕೊಳ್ಳಲ್ಲ ಅಂತ ಹೇಳಿ ತಡೆದೆ. ಅವರಿಗೆ ಸಿಟ್ಟು ಬಂತು. ಆಮೇಲೆ ಹುಟ್ಟುಹಬ್ಬದಲ್ಲಿ ಮಿಕ್ಕಿದ್ದ ಪೆನ್ಸಿಲ್, ಸ್ಟಿಕ್ಕರ್ ಕೊಟ್ಟು ಸುಧಾರಿಸಿದೆವು.

ಭೂತ-ಪ್ರೇತದ ಹಬ್ಬ ಅಂತ ಅವರು ಬೇಜಾರು ಮಾಡಿಕೊಳ್ಳಬಹುದು ಅಂತ ನನಗೆ ಅಳುಕಿತ್ತು. ಮಾವ ಅಂದಿದ್ದು ಇಷ್ಟೇ: "ಇದರಲ್ಲಿ ಹೊಸತೇನಿದೆ? ನಮ್ಮಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರ್ತಾರೆ. ಇವರು ಚೀಲ ಹಿಡಿದು ಬರ್ತಾರೆ."

ಈಗ ಮನೆಯಲ್ಲಿ ಮೂಟೆಗಟ್ಟಲೆ ಚಾಕೊಲೇಟು, ಕೆತ್ತದೇ ಉಳಿದ ಎರಡು ದೊಡ್ಡ ಕುಂಬಳಕಾಯಿ. ಅತ್ತೆ ಚೀನಿಕಾಯಿ ಕಡುಬು ಮಾಡ್ತೀನಿ ಅಂತ ಹೊರಟರೆ ತುರಿ ಪೂರ್ತಿ ನೀರು ನೀರು. ಏನು ಮಾಡೋದು ಹೇಳಿ. ನಿಮ್ಮ ಕಥೆಗಳನ್ನೂ ಬರೆಯಿರಿ.

ಹಳೇ ಮಿನ್ನೆಸೋಟ

ಒದ್ದೆ ಹಿಮ ಅಂತ ಹೆದರಬೇಡಿ ತಾಯಿ. ನಾನು ಇಲ್ಲಿಗೆ ಓದಲು ಬಂದ ಹೊಸತರಲ್ಲಿ 1991ರ ಹ್ಯಾಲೋವೀನ್ ಹಿಮ ನೋಡಿದವನು. ಅಕ್ಟೋಬರ್ 31ರ ಮಧ್ಯಾಹ್ನ ಶುರುವಾಗಿದ್ದು ನವೆಂಬರ್ 3ರವರೆಗೂ ಬಿತ್ತು. ಮಿನಿಯಾಪೊಲಿಸ್-ಸೇಂಟ್ ಪಾಲ್‌ನಲ್ಲಿ 28.4 ಇಂಚು, ಉತ್ತರಕ್ಕೆ ಡುಲೂತ್‌ನಲ್ಲಿ 36.9 ಇಂಚು. ಇವತ್ತಿಗೂ ಇಲ್ಲಿನ ನಲವತ್ತು ದಾಟಿದವರ ಹತ್ತಿರ ಮಾತು ತೆಗೆಯಿರಿ, ಅವತ್ತು ಯಾವ ವೇಷ ಹಾಕಿದ್ದೆ, ಅದರ ಮೇಲೆ ಅಮ್ಮ ಯಾವ ಜಾಕೆಟ್ ಹಾಕಿಸಿದಳು ಅಂತ ಅರ್ಧ ಗಂಟೆ ಹೇಳುತ್ತಾರೆ.

ಅವರಿಂದ ಕಲಿತ ಒಂದು ಉಪಾಯ. ಬ್ರೆಡ್ ಬರುವ ಪ್ಲಾಸ್ಟಿಕ್ ಚೀಲ ಇರುತ್ತಲ್ಲ, ಕಾಲುಚೀಲದ ಮೇಲೆ ಅದನ್ನು ಹಾಕಿ ಆಮೇಲೆ ಬೂಟು. ನೋಡಲು ಚಂದವಿಲ್ಲ, ಕಾಲು ಮಾತ್ರ ಒಣಗಿರುತ್ತೆ. ಬರೀ ಚಳಿಯನ್ನು ಮಕ್ಕಳು ತಡೆಯುತ್ತಾರೆ, ಕಾಲುಚೀಲ ಒದ್ದೆಯಾದರೆ ಮೂರನೇ ಮನೆಗೇ ಅಳು.

ಡಾಲಸ್ ನಾದಿನಿ

ಅತ್ತಿಗೆ, ಚಿಟ್ಟೆ ಬಗ್ಗೆ ಬರೆದಿದ್ದು ನೋಡಿದೆ! ನಮ್ಮಲ್ಲಿ ಹ್ಯಾಲೋವೀನ್ ಅಂದರೆ ಬೆವರು. ಮುಖದ ಬಣ್ಣ ಕರಗಿ ಇಳಿಯುತ್ತೆ. ಹಿಮದಲ್ಲಿ ರೆಕ್ಕೆ ಕಟ್ಟಿಕೊಂಡು ಓಡಾಡುವ ಕಲ್ಪನೆ ನನಗೆಲ್ಲಿಂದ ಬರಬೇಕು?

ಮುಖ್ಯವಾದ್ದನ್ನು ನೀವು ಬರೆದೇ ಇಲ್ಲ. ಅವಳಿಗೆ ನಿಮ್ಮ ದೊಡ್ಡವಳ ಹಳೇ ಸ್ನೋ ಸೂಟ್ ಹಾಕಿ, ಅದರ ಮೇಲೆ ರೆಕ್ಕೆ ಕಟ್ಟಿದೆವು. ಚಿಟ್ಟೆಯಲ್ಲ, ದುಂಬಿಯ ಥರ ಇದ್ದಳು. ಅಪ್ಪ ಅವಳನ್ನು ನೋಡಿ ನಕ್ಕಿದ್ದಕ್ಕೆ ಕಣ್ಣಲ್ಲಿ ನೀರು. ಆಗ ನಿಮ್ಮ ಹುಲಿರಾಯ ಬಂದು, ಹುಲಿಗೆ ಚಿಟ್ಟೆಗಿಂತ ದುಂಬಿ ಕಂಡರೆ ಭಯ ಅಂದ. ಅಲ್ಲಿಗೆ ಸರಿಹೋಯಿತು. ಬೀದಿಯ ಕೊನೆಯವರೆಗೂ ಅವಳೇ ಮುಂದೆ.

ಕ್ಯಾಲ್ಗರಿ ಗೌಡ್ತಿ

ನಮ್ಮಲ್ಲಿ ವೇಷ ಕೊಳ್ಳುವಾಗಲೇ ಎರಡು ಸೈಜು ದೊಡ್ಡದು ತಗೋತೀವಿ, ಒಳಗೆ ಸ್ನೋ ಸೂಟ್ ಹಿಡಿಸಬೇಕಲ್ಲ. ಅದಕ್ಕೇ ಕೆನಡಾದ ಪಶ್ಚಿಮದ ಮಕ್ಕಳೆಲ್ಲ ಹ್ಯಾಲೋವೀನ್ ಫೋಟೋದಲ್ಲಿ ಗುಂಡಗೆ ಕಾಣೋದು. ಕರಡಿ, ಹುಲಿ, ಗಗನಯಾತ್ರಿ, ಇವು ಒಳ್ಳೆಯ ವೇಷ. ರಾಜಕುಮಾರಿಯರಿಗೆ ಕಷ್ಟ.

ಮುಖವಾಡ ಬೇಡ. ಉಸಿರಿಗೆ ಒಳಗೆಲ್ಲ ಒದ್ದೆಯಾಗುತ್ತೆ, ಕನ್ನಡಕ ಇದ್ದರಂತೂ ಏನೂ ಕಾಣಲ್ಲ. ಕೈ ಬಿಸಿ ಮಾಡುವ ಪುಟ್ಟ ಚೀಲಗಳನ್ನು ಕೈಗವಸಿನ ಹೊರಪದರದಲ್ಲಿ ಇಡಿ. ಅದರೊಳಗೆ ಇರೋದು ಕಬ್ಬಿಣದ ಪುಡಿ, ಗಾಳಿ ತಾಗಿದರೆ ಬಿಸಿಯಾಗುತ್ತೆ. ಚರ್ಮಕ್ಕೆ ನೇರವಾಗಿ ತಾಗಿಸಿದರೆ ಸುಡಬಹುದು, ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ. ಅಜ್ಜ-ಅಜ್ಜಿಯರ ಕಾಲಿಗೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರಿಗೆ ಸುಟ್ಟಿದ್ದು ಗೊತ್ತಾಗದೇ ಹೋಗಬಹುದು.

ಬಸವನಗುಡಿ ಹುಡುಗ

ಸುಮ್ನೆ ಕೇಳ್ತೀನಿ, ಜಗಳಕ್ಕಲ್ಲ. ದೀಪಾವಳಿಯ ದಿನ ಮನೆಯಲ್ಲಿ ಲಕ್ಷ್ಮೀಪೂಜೆ ಬೇಗ ಮುಗಿಸಿ ಭೂತದ ವೇಷ ಹಾಕಿ ಚಾಕೊಲೇಟು ಬೇಡೋಕೆ ಹೋಗಬೇಕಾ? ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಶುರುವಾಗಿದೆ. ಲಿಫ್ಟಿನಲ್ಲಿ ಹೋಗಿ ಬೆಲ್ ಒತ್ತುತ್ತಾರೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಹ್ಯಾಲೋವೀನ್ ಮಾತ್ರ ಬೇಕು.

ಮೇಪಲ್‌ಗ್ರೋವ್ ಸೊಸೆ

ಬೆಂಗಳೂರಿನ ವಿಷಯ ನೀವು ಹೇಳಿದ ಹಾಗೇ ಇರಬಹುದು. ಇಲ್ಲಿ ಉಲ್ಟಾ. ಈ ಬೀದಿಯ ಅರ್ಧ ಜನರನ್ನು ನಾನು ನೋಡಿದ್ದೇ ಹ್ಯಾಲೋವೀನ್ ಸಂಜೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಗ್ಯಾರೇಜ್ ಬಾಗಿಲು ತೆರೆಯುತ್ತೆ, ಕಾರು ಒಳಗೆ ಹೋಗುತ್ತೆ, ಬಾಗಿಲು ಮುಚ್ಚುತ್ತೆ. ಅಷ್ಟೇ ಪರಿಚಯ. ಹ್ಯಾಲೋವೀನ್ ದಿನ ಮಾತ್ರ ಕರೆಯದೇ ಬಂದು ಬಾಗಿಲು ತಟ್ಟಬಹುದು, ಯಾರೂ ಏನೂ ಅಂದುಕೊಳ್ಳಲ್ಲ. ಆರು ತಿಂಗಳ ವೀಸಾದಲ್ಲಿ ಬಂದ ನಮ್ಮ ಮಾವ ಇಷ್ಟು ಜನರನ್ನು ಒಟ್ಟಿಗೆ ನೋಡಿದ್ದು ಅವತ್ತೇ. ಎದುರುಮನೆಯ ಮುದುಕರು ಹಣತೆ ನೋಡಿ ಏನಿದು ಅಂತ ಕೇಳಿದರು. ಓಬವ್ವ ಅಲ್ಲೇ ನಿಂತು, ಹೈದರಾಲಿ, ಚಿತ್ರದುರ್ಗದ ಕೋಟೆ, ಕಿಂಡಿ, ಒನಕೆ, ಎಲ್ಲ ಹೇಳಿದಳು. ಒದ್ದೆ ಹಿಮದಲ್ಲಿ ನೆನೆಯುತ್ತಾ ಕೇಳಿದರು ಪಾಪ. ಇದನ್ನು ಬಿಡಬೇಕು ಅಂತ ನನಗನ್ನಿಸಲ್ಲ.

ಪೂಜೆಯನ್ನು ಬೇಗ ಮುಗಿಸಿದ್ದು ನಿಜ. ಅತ್ತೆ ಅದನ್ನು ಇನ್ನೂ ಮರೆತಿಲ್ಲ.

ಸಾಗರದ ಕಡೆಯವ

ಮಾವನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. ಅಂಟಿಗೆ-ಪಂಟಿಗೆ ಸರಿ. ರಾತ್ರಿಯೆಲ್ಲ ಪದ ಹೇಳುತ್ತಾ ಊರೂರು ಸುತ್ತುತ್ತಾರೆ, ಆರದ ಹಾಗೆ ಕಾಪಾಡಿಕೊಂಡು ತಂದ ದೀಪದಿಂದ ಮನೆಯವರ ದೀಪ ಹೊತ್ತಿಸುತ್ತಾರೆ, ಎಣ್ಣೆ, ಅಕ್ಕಿ, ಕಾಸು, ತಿಂಡಿ ಏನು ಕೊಟ್ಟರೂ ತಗೋತಾರೆ. ಅದು ಕೊಡುವ ಭಾಗ. ಕಿತಾಪತಿಯ ಭಾಗ ಬೇರೆ ಇತ್ತಲ್ಲ! ನೀರು ತುಂಬುವ ರಾತ್ರಿ ಹುಡುಗರು ಕಂಡವರ ಹಿತ್ತಲಿನ ಸೌತೆಕಾಯಿ, ಎಳನೀರು ಕದಿಯೋದು. ಅವತ್ತು ಅದು ಕಳ್ಳತನ ಅಲ್ಲ. ಬೆಳಗ್ಗೆ ಎದ್ದು ಬೈದುಕೊಂಡರೂ ಪಂಚಾಯಿತಿಗೆ ಯಾರೂ ಹೋಗುತ್ತಿರಲಿಲ್ಲ. ನಿಮ್ಮ ಮಾವ ಅದನ್ನು ಮೊಮ್ಮಕ್ಕಳ ಮುಂದೆ ಹೇಳಿರಲಿಕ್ಕಿಲ್ಲ. ಕೇಳಿ ನೋಡಿ.

ಡೆಮಾಯ್ನ್ ಅಪ್ಪ (ಅಯೋವ)

ಕಿತಾಪತಿ ಅಂದಿರಲ್ಲ, ನಮ್ಮೂರಿನ ಪದ್ಧತಿ ಹುಟ್ಟಿದ್ದೇ ಅದರಿಂದ. 1938ರ ಹ್ಯಾಲೋವೀನ್‌ಗೆ ಇಲ್ಲಿ ಪುಂಡಾಟ ಮಿತಿಮೀರಿತ್ತು. ಅದಾದ ಮೇಲೆ ಊರಿನವರು ಮಕ್ಕಳಿಗೆ ಅಂತಲೇ ಹಿಂದಿನ ಸಂಜೆಯನ್ನು, ಅಂದರೆ ಅಕ್ಟೋಬರ್ 30ನ್ನು, ಬೆಗರ್ಸ್ ನೈಟ್ ಅಂತ ಇಟ್ಟರು. ಇಲ್ಲಿ ಬಾಗಿಲು ತಟ್ಟಿ ಕೈ ಚಾಚಿದರೆ ಸಾಲದು, ಒಂದು ಜೋಕ್ ಹೇಳಬೇಕು. ಕೇಳಿ ನಕ್ಕ ಮೇಲೆ ಕ್ಯಾಂಡಿ.

ನಮ್ಮ ಮಗ ಅಜ್ಜಿ ಕಲಿಸಿದ ಒಗಟು ಹೊತ್ತು ಹೊರಟ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು ಹೇಳಿ? ಒಬ್ಬರು ಹಿಮ ಅಂದರು, ಇನ್ನೊಬ್ಬರು ಹೂಕೋಸು ಅಂದರು. ಮಲ್ಲಿಗೆ ಅಂದರೆ ಇಲ್ಲಿ ಯಾರಿಗೆ ಹೊಳೆಯಬೇಕು? ಅವನೂ ಬುದ್ಧಿವಂತ, ನಾಲ್ಕನೇ ಮನೆಯಿಂದ ಉತ್ತರವನ್ನೇ ಹಿಮ ಅಂತ ಬದಲಾಯಿಸಿಬಿಟ್ಟ. ಅಜ್ಜಿಗೆ ಗೊತ್ತಾಗಿ, ಒಗಟಿನ ಮಾನ ಕಳೆದೆ ಅಂತ ಫೋನಿನಲ್ಲಿ ಬೈಸಿಕೊಂಡ.

ಡಬ್ಲಿನ್ ದಾವಣಗೆರೆ

ಹ್ಯಾಲೋವೀನ್ ಅಮೆರಿಕದ್ದು ಅನ್ನೋರಿಗೆ ಐರ್ಲೆಂಡ್‌ನಿಂದ ನಮಸ್ಕಾರ. ಇದರ ಬೇರು ಇಲ್ಲಿನ ಸಾವಿನ್ (Samhain) ಅನ್ನುವ ಹಳೇ ಹಬ್ಬ. ಸುಗ್ಗಿ ಮುಗಿದು ಕತ್ತಲ ಕಾಲ ಶುರುವಾಗುವ ಹೊತ್ತು. ಇಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೆತ್ತಿ ದೀಪ ಇಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರಿಗೆ ಕುಂಬಳಕಾಯಿ ಸಿಕ್ಕಿತು. ಟರ್ನಿಪ್ ಕೆತ್ತಿ ನೋಡಿ, ಯಾಕೆ ಬದಲಾಯಿಸಿದರು ಅಂತ ಮಣಿಕಟ್ಟೇ ಹೇಳುತ್ತೆ.

ಇಲ್ಲಿ ಆ ವಾರ ಶಾಲೆಗೆ ಪೂರ್ತಿ ರಜೆ. ಹಿಮ ಇಲ್ಲ, ಅಡ್ಡ ಹೊಡೆಯುವ ಮಳೆ. ಬಾರ್ಮ್‌ಬ್ರ್ಯಾಕ್ ಅಂತ ಒಣದ್ರಾಕ್ಷಿಯ ಬ್ರೆಡ್ ತರುತ್ತೇವೆ, ಅದರೊಳಗೆ ಒಂದು ಉಂಗುರ ಇರುತ್ತೆ. ಯಾರ ತುಂಡಿನಲ್ಲಿ ಉಂಗುರ ಸಿಗುತ್ತೋ ಅವರಿಗೆ ಬೇಗ ಮದುವೆ ಅಂತ ನಂಬಿಕೆ. ಈ ಸಲ ಸಿಕ್ಕಿದ್ದು ನಮ್ಮ ಅತ್ತೆಗೆ! ಮೊಟ್ಟೆ ಇದೆಯಾ ಅಂತ ಚೀಟಿ ಓದಿಕೊಂಡೇ ತನ್ನಿ. ನಾನು ಮನೆಯಲ್ಲೇ ಮೊಟ್ಟೆ ಹಾಕದೆ ಮಾಡುತ್ತೇನೆ, ಟೀ ಡಿಕಾಕ್ಷನ್‌ನಲ್ಲಿ ದ್ರಾಕ್ಷಿ ರಾತ್ರಿಯಿಡೀ ನೆನೆಸಿದರೆ ಚೆನ್ನಾಗಿ ಬರುತ್ತೆ.

ನೇಪರ್‌ವಿಲ್ ಅಡುಗೆಮನೆ (ಇಲಿನಾಯ್)

ಕುಂಬಳಕಾಯಿ ಅಂದಮೇಲೆ ನಮ್ಮ ರಾಜ್ಯದವರು ಮಾತಾಡಲೇಬೇಕು. ಅಮೆರಿಕದಲ್ಲಿ ಅತಿ ಜಾಸ್ತಿ ಬೆಳೆಯೋದು ಇಲ್ಲೇ. ಮಾರ್ಟನ್ ಅಂತ ಒಂದು ಪುಟ್ಟ ಊರು ತನ್ನನ್ನು ಜಗತ್ತಿನ ಕುಂಬಳ ರಾಜಧಾನಿ ಅಂತಲೇ ಕರೆದುಕೊಳ್ಳುತ್ತೆ.

ನಿಮ್ಮ ಅತ್ತೆಯ ಕೈಯದು ಏನೂ ದೋಷವಿಲ್ಲ, ಕಾಯಿಯದೇ ದೋಷ. ಕೆತ್ತುವುದಕ್ಕೆ ಮಾರುವ ದೊಡ್ಡ ಕುಂಬಳ ತೆಳು ತಿರುಳಿನದು, ನಾರು ಜಾಸ್ತಿ, ನೀರು ಜಾಸ್ತಿ, ಸಿಹಿ ಕಡಿಮೆ. ಕಡುಬಿಗೆ ಪೈ ಕುಂಬಳ ಅಂತ ಸಣ್ಣದು ಸಿಗುತ್ತೆ, ಅದನ್ನು ತನ್ನಿ. ಬಟರ್‌ನಟ್ ಇನ್ನೂ ಒಳ್ಳೆಯದು. ಊರಿನ ಚೀನಿಕಾಯಿಗೆ ಹತ್ತಿರ ಅಂದರೆ ಜಪಾನಿನ ಕಬೋಚ. ತುರಿದು, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಆ ನೀರಲ್ಲೇ ಬೆಲ್ಲ ಕರಗಿಸಿ, ಅಕ್ಕಿ ತರಿ ಹುರಿದು ಹಾಕಿ. ಬಾಳೆಲೆ ಏಷ್ಯನ್ ಅಂಗಡಿಯ ಫ್ರೀಜರಿನಲ್ಲಿರುತ್ತೆ.

ಈಗ ಇರುವ ದೊಡ್ಡ ಕಾಯಿಗೆ ಹುಳಿ ಅಥವಾ ಗೊಜ್ಜು ಮಾಡಿ, ಮೆಣಸು ಹುಣಸೆ ಮುಂದಿದ್ದರೆ ಕಾಯಿ ಸಪ್ಪೆಯಾಗಿದ್ದರೂ ನಡೆಯುತ್ತೆ. ಬೀಜ ತೊಳೆದು ಒಣಗಿಸಿ ಹುರಿಯಿರಿ. ಕೆತ್ತಿ ಹೊರಗಿಟ್ಟಿದ್ದನ್ನು ಮಾತ್ರ ತಿನ್ನಬೇಡಿ, ಅದು ಅಳಿಲಿಗೆ, ಕಾಂಪೋಸ್ಟಿಗೆ. ನಮ್ಮ ಕಡೆ ಹ್ಯಾಲೋವೀನ್ ಆದಮೇಲಿನ ಶನಿವಾರ ಎಲ್ಲರೂ ಕುಂಬಳ ತಂದು ಎಸೆದು ಒಡೆದು ಗೊಬ್ಬರಕ್ಕೆ ಕೊಡುವ ಕಾರ್ಯಕ್ರಮ ಇರುತ್ತೆ. ಆಯುಧಪೂಜೆಗೆ ಬೂದುಗುಂಬಳ ಒಡೆದು ಅಭ್ಯಾಸ ಇರುವ ನನ್ನ ಗಂಡನಿಗೆ ಅಲ್ಲಿ ಬಹಳ ಮರ್ಯಾದೆ.

ಇನ್ನು ಚಾಕೊಲೇಟು. ಸಸ್ಯಾಹಾರಿಗಳ ಮನೆಯಲ್ಲಿ ಇದೊಂದು ದೊಡ್ಡ ಕೆಲಸ. ನಾನು ನೆಲದ ಮೇಲೆ ಹಳೇ ಸೀರೆ ಹಾಸಿ ಎಲ್ಲ ಸುರಿದು ವಿಂಗಡಿಸುತ್ತೇನೆ. ಮಾರ್ಷ್‌ಮೆಲೋ, ಜೆಲ್ಲಿ ಕರಡಿ, ಸ್ಟಾರ್‌ಬರ್ಸ್ಟ್, ಕ್ಯಾಂಡಿ ಕಾರ್ನ್, ಇವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ-ಮೂಳೆಯದು. ಸ್ನಿಕರ್ಸ್, ಮಿಲ್ಕಿ ವೇ, ತ್ರೀ ಮಸ್ಕೆಟಿಯರ್ಸ್‌ನಲ್ಲಿ ಮೊಟ್ಟೆಯ ಬಿಳಿ. ಕಿಟ್‌ಕ್ಯಾಟ್, ರೀಸಸ್, ಇಲ್ಲಿ ಮಾರುವ ಸ್ಕಿಟಲ್ಸ್ ಪರವಾಗಿಲ್ಲ. ಪುಟ್ಟ ಪೊಟ್ಟಣದ ಮೇಲೆ ಎಷ್ಟೋ ಸಲ ಪಟ್ಟಿಯೇ ಇರಲ್ಲ, ಅಂಗಡಿಯ ದೊಡ್ಡ ಚೀಲದ ಹಿಂಭಾಗ ಓದಬೇಕು. ನಮ್ಮ ಮನೆಯಲ್ಲಿ ಮಕ್ಕಳೇ ಈಗ ಇನ್‌ಸ್ಪೆಕ್ಟರ್‌ಗಳು.

ಗ್ರಂಥಾಲಯದ ಅಕ್ಕ

ನೀವು ಪೆನ್ಸಿಲ್ ಕೊಟ್ಟಿದ್ದು ಒಳ್ಳೆಯದೇ ಆಯ್ತು. ಕಡಲೆಕಾಯಿ, ಹಾಲು ಆಗಿಬರದ ಮಕ್ಕಳಿಗೆ ಇಂಥ ಮನೆ ಬೇಕು. ಅಂಥವರಿಗೆ ಗೊತ್ತಾಗಲಿ ಅಂತ ಕೆಲವರು ಒಂದು ಕುಂಬಳಕಾಯಿಗೆ ಹಸಿರುಮಿಶ್ರಿತ ನೀಲಿ ಬಣ್ಣ ಬಳಿದು ಇಡುತ್ತಾರೆ. ಟೀಲ್ ಪಂಪ್ಕಿನ್ ಅಂತ, 2014ರಿಂದ ದೇಶದೆಲ್ಲೆಡೆ ನಡೆದುಬಂದಿದೆ.

ಇನ್ನೊಂದು. ಪ್ರತಿವರ್ಷ ಊರಿನ ಫ್ಯಾಮಿಲಿ ಗ್ರೂಪಿನಲ್ಲಿ, ಚಾಕೊಲೇಟಿನಲ್ಲಿ ಬ್ಲೇಡು, ವಿಷ ಅಂತ ಮೆಸೇಜು ಬರುತ್ತೆ. ದೊಡ್ಡವರು ಗಾಬರಿಯಾಗುತ್ತಾರೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಳಿಂದ ಇಂಥ ಸುದ್ದಿಗಳನ್ನು ಬೆನ್ನತ್ತಿ ನೋಡಿದ್ದಾರೆ. ಅಪರಿಚಿತರು ಹಂಚಿದ ಕ್ಯಾಂಡಿಯಿಂದ ಮಗು ಸತ್ತ ಅಥವಾ ತೀವ್ರ ಗಾಯಗೊಂಡ ಖಚಿತ ಪ್ರಕರಣ ಒಂದೂ ಅವರಿಗೆ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಸತ್ತ ಹುಡುಗನಿಗೆ ವಿಷ ಹಾಕಿದ್ದು ಸ್ವಂತ ಅಪ್ಪ, ವಿಮೆ ಹಣಕ್ಕಾಗಿ.

ನಿಜವಾದ ಅಪಾಯ ಕಾರು. ಅಮೆರಿಕದ 1975ರಿಂದ 2016ರವರೆಗಿನ ಲೆಕ್ಕ ನೋಡಿದವರು, ಹ್ಯಾಲೋವೀನ್ ಸಂಜೆ ನಡೆದುಹೋಗುವವರು ಕಾರಿಗೆ ಸಿಕ್ಕು ಸಾಯುವ ಸಾಧ್ಯತೆ ಒಂದು ವಾರ ಹಿಂದಿನ, ಒಂದು ವಾರ ಮುಂದಿನ ಸಂಜೆಗಳಿಗಿಂತ ಶೇ. 43 ಜಾಸ್ತಿ ಅಂತ ಕಂಡುಕೊಂಡಿದ್ದಾರೆ. ಕಪ್ಪು ವೇಷಕ್ಕೆ ಹೊಳೆಯುವ ಟೇಪು ಅಂಟಿಸಿ, ಕೈಗೆ ಟಾರ್ಚ್ ಕೊಡಿ. ಹಿಮ ಬಿದ್ದಾಗ ಮಕ್ಕಳು ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯುತ್ತಾರೆ, ಅದನ್ನು ನೋಡಿಕೊಳ್ಳಿ.

ಎಡಿಸನ್ ಮಂಜ (ನ್ಯೂಜೆರ್ಸಿ)

ಇಷ್ಟು ಗಂಭೀರ ಬೇಡಪ್ಪ. ನಾನು ಈ ಸಲ ಬಾಗಿಲಿಗೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ "ನಾಳೆ ಬಾ" ಅಂತ ಬರೆದಿದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಎಲ್ಲ ಮನೆ ಬಾಗಿಲ ಮೇಲೂ ಇತ್ತು, ಗೊತ್ತಲ್ವಾ? ರಾತ್ರಿ ಬರುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. ಬೀದಿಯ ಅಮೆರಿಕನ್ ಮಕ್ಕಳೆಲ್ಲ ಅದೇನೋ ಮಂತ್ರ ಅಂದುಕೊಂಡು ಫೋಟೋ ತೆಗೆಸಿಕೊಂಡರು. ಅರ್ಥ ಗೊತ್ತಿದ್ದ ಇಬ್ಬರು ಕನ್ನಡದ ಹುಡುಗರು ಮಾತ್ರ ಶುಕ್ರವಾರ ಸಂಜೆ ಚೀಲ ಹಿಡಿದು ಬಂದರು! ಬಾ ಅಂತ ನೀವೇ ಬರೆದಿದ್ದೀರಲ್ಲ ಅಂಕಲ್ ಅಂದರು. ಉಳಿದಿದ್ದೆಲ್ಲ ಕೊಟ್ಟೆ.

ಬಸವನಗುಡಿ ಹುಡುಗ

ಮಂಜಣ್ಣ, ಇದು ಮಾತ್ರ ಒಪ್ಪಿದೆ. ಮುಂದಿನ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೂ ಬರೆಯುತ್ತೇನೆ, ಕ್ಯಾಂಡಿಯ ಖರ್ಚೂ ಉಳಿಯುತ್ತೆ.

ಮೇಪಲ್‌ಗ್ರೋವ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಒಂದೆರಡು ಸುದ್ದಿ.

ಗಡಿಯಾರ ಹಿಂದಕ್ಕೆ ಹೋದದ್ದು ಮಾವನಿಗೆ ಒಗ್ಗಿಲ್ಲ. ಶನಿವಾರ ಆರರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ ಐದಕ್ಕೇ ಮಾಯ. ಊರಿಗೂ ನಮಗೂ ಹತ್ತೂವರೆ ಗಂಟೆ ಇದ್ದ ಅಂತರ ಹನ್ನೊಂದೂವರೆ ಆಯ್ತು, ತಮ್ಮನಿಗೆ ಫೋನ್ ಮಾಡಿದರೆ ಅವರು ಆಗಲೇ ತೋಟಕ್ಕೆ ಹೋಗಿದ್ದರಂತೆ.

ರಾಜ್ಯೋತ್ಸವಕ್ಕೆ ಶನಿವಾರ ಸ್ನೇಹಿತರ ಮನೆಯಲ್ಲಿ ಸೇರಿದ್ದೆವು. ಓಬವ್ವ ಅಲ್ಲಿಗೆ ಒನಕೆ ಸಮೇತ ಹೋದಳು. ಯಾರೂ ರಾಜಕುಮಾರಿ ಅನ್ನಲಿಲ್ಲ.

ಸಾಗರದ ಕಡೆಯವರೇ, ಕೇಳಿದೆ. ಎಳನೀರಲ್ಲವಂತೆ, ಪಕ್ಕದ ಮನೆಯ ಎತ್ತಿನ ಗಾಡಿಯನ್ನೇ ಬಿಚ್ಚಿ ಕೊಟ್ಟಿಗೆಯ ಮಾಡಿನ ಮೇಲೆ ಜೋಡಿಸಿದ್ದರಂತೆ. ಮೊಮ್ಮಕ್ಕಳು ಅದನ್ನು ಕೇಳಿದ್ದೇ ಕೇಳಿದ್ದು. ಅತ್ತೆಗೆ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ. ಯಾಕೆಂದರೆ ಆ ಪಕ್ಕದ ಮನೆ ಅತ್ತೆಯ ಸೋದರಮಾವನದು.

ಬಟರ್‌ನಟ್ ತಂದು ಕಡುಬು ಬೇಯಲು ಇಟ್ಟಿದ್ದೇವೆ. ಜೆಲಟಿನ್ ಇರುವುದೆಲ್ಲ ಒಂದು ಚೀಲ, ಮೊಟ್ಟೆಯದು ಇನ್ನೊಂದು ಚೀಲ ಆಗಿದೆ.

ನೇಪರ್‌ವಿಲ್ ಅಡುಗೆಮನೆ

ಆ ಎರಡು ಚೀಲ ಏನು ಮಾಡಿದಿರಿ?

ಡಾಲಸ್ ನಾದಿನಿ

ಮೊಟ್ಟೆಯದು ನಮ್ಮ ಸೂಟ್‌ಕೇಸಿನಲ್ಲಿದೆ. ಅಮ್ಮನಿಗೆ ಹೇಳಬೇಡಿ.